ಪಡಸಾಲೆಗೆ ಎಂಟು ದೀಪ

ಕಾಕಿ ತೀರಿಕೊಂಡ ಮೇಲೆ ಶಹಾಬಾದಿನಲ್ಲಿ ಒಂದು ಸಭೆ ಮಾಡಿದರು. ಹಾರ ಹಾಕಿದ ಫೋಟೊ, ಊದಿನಕಡ್ಡಿ, ಬಾಡಿಗೆಯ ಮೈಕು. ಮಾತಾಡಿದವರೆಲ್ಲ, ಒಬ್ಬರೂ ತಪ್ಪದೆ, ಆಕೆಯನ್ನು ತಾಳ್ಮೆಯ ಮೂರ್ತಿ ಎಂದರು. ಸಹನೆಯ ಗಣಿ ಎಂದೂ ಒಬ್ಬರು ಅಂದರು. ಅವರಿಗೆ ರಾವೂರದ ಹತ್ತಿರ ಕಲ್ಲಿನ ಗಣಿ ಇದೆ, ಆ ಪದ ಸುಲಭವಾಗಿ ಬಾಯಿಗೆ ಬಂದಿರಬೇಕು. ನಾನು ಹಿಂದಿನ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಇಷ್ಟು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದ್ದೇನೆ, ಹುಡುಗಿಯರು ಬರೆದ ಎಂತೆಂಥ ಪ್ರಬಂಧಗಳನ್ನೋ ತಿದ್ದಿದ್ದೇನೆ. ಒಂದು ಶಬ್ದವನ್ನು ಇಷ್ಟು ತಪ್ಪಾಗಿ ಬಳಸಿದ್ದನ್ನು ಎಲ್ಲಿಯೂ ಕಂಡಿರಲಿಲ್ಲ.

ಕಾಕಿಗೆ ತಾಳ್ಮೆ ಇರಲಿಲ್ಲ. ನಾನು ಕಂಡ ಮನುಷ್ಯರಲ್ಲಿ ಅಷ್ಟು ಸಿಟ್ಟಿನ ಹೆಂಗಸು ಇನ್ನೊಬ್ಬಳಿಲ್ಲ. ಬದುಕಿದ್ದಾಗ ಆಕೆಯಿಂದ ಬೇಕಾದ್ದೆಲ್ಲ ತೆಗೆದುಕೊಂಡ ಜನ, ಸತ್ತ ಮೇಲೆ ಆ ಸಿಟ್ಟನ್ನೂ ಕಿತ್ತುಕೊಂಡರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓಣಿಯ ಮಂದಿಯೆಲ್ಲ ಆಕೆಯನ್ನು ಕಾಕಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ.

ನಾನು ಸೇಡಮ್ಮಿನವಳು. ಶಹಾಬಾದಿನ ಹೆಣ್ಣುಮಕ್ಕಳ ಶಾಲೆಗೆ ವರ್ಗವಾಗಿ ಬಂದು ಹಿಡಿದ ಬಾಡಿಗೆ ಮನೆಗೂ ಕಾಕಿಯ ಮನೆಗೂ ನಡುವೆ ಒಂದೇ ಗೋಡೆ. ಬಂದ ವಾರದಲ್ಲೇ ನನ್ನ ಬಚ್ಚಲ ನೀರು ಹರಿದು ಅವರ ಕಟ್ಟೆಯ ಮುಂದೆ ನಿಂತಿತು. ಕಾಕಿ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಸೆರಗು ಸೊಂಟಕ್ಕೆ ಹೋಯಿತೆಂದರೆ ಜಗಳ ಶುರುವಾಯಿತೆಂದೇ ಅರ್ಥ ಎಂಬುದು ನನಗೆ ಆಮೇಲೆ ತಿಳಿಯಿತು.

“ಏನ್ರಿ ಟೀಚರ್ರ, ಮಕ್ಕಳಿಗಿ ಅಕ್ಷರ ಕಲಸ್ತೀರಿ, ನೀರಿಗಿ ದಾರಿ ಕಲಸಾಕ ಬರಲ್ಲೇನು?”

ನಾನು ಬಾಯಿ ತೆರೆಯುವುದರೊಳಗೆ ಇನ್ನಷ್ಟು ಬೈದು ಹೊರಟುಹೋದಳು. ಸಂಜೆ ಅದೇ ಕೈಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಹಿಡಿದುಕೊಂಡು ಬಂದಳು. ನಾನು ಪಿಳಿಪಿಳಿ ನೋಡಿದೆ. “ಬೈದದ್ದು ಬ್ಯಾರೆ, ರೊಟ್ಟಿ ಬ್ಯಾರೆ. ಎರಡೂ ನಿಮ್ಮವೇ, ಇಟ್ಕೋರಿ” ಎಂದಳು. ಅವತ್ತಿನಿಂದ ನಾವು ಗೆಳತಿಯರಾದೆವು.

ಆಕೆಯ ಸಿಟ್ಟಿಗೆ ಒಂದು ಮರ್ಯಾದೆ ಇತ್ತು. ಬಡವರ ಮೇಲೆ, ಮಕ್ಕಳ ಮೇಲೆ ಅದು ಹರಿಯುತ್ತಿರಲಿಲ್ಲ. ತೂಕದಲ್ಲಿ ಮೋಸ ಮಾಡುವ ಅಂಗಡಿಯವನು, ಹೆಂಡತಿಯನ್ನು ಹೊಡೆಯುವ ಎದುರುಮನೆಯ ಫಿಟ್ಟರ್, ನಳ ಬಿಡದ ನೀರಗಂಟಿ ಇವರೆಲ್ಲ ಕಾಕಿ ಬರುವುದು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ಸಿಟ್ಟು ಮಿತಿಮೀರಿದಾಗ ಬಾಯಲ್ಲಿ ತೆಲುಗು ಬರುತ್ತಿತ್ತು. ಚಿಂಚೋಳಿ ತಾಲ್ಲೂಕಿನ ಕೊಡ್ಲಿಯ ಮಗಳು, ಆ ಸೀಮೆಯಲ್ಲಿ ಎರಡೂ ಭಾಷೆ ಒಂದೇ ಅಂಗಳದಲ್ಲಿ ಆಡುತ್ತವೆ. “ಇಷ್ಟೊಂದು ಸಿಟ್ಟು ಯಾಕ್ರಿ ಕಾಕಿ” ಎಂದು ಒಮ್ಮೆ ಕೇಳಿದೆ. “ಸಿಟ್ಟು ಅಂದ್ರ ಮನಿ ಮಂದಿ ಇದ್ದಂಗ ಟೀಚರ್ರ. ಬಂದ್ರ ಕುಂದ್ರು ಅನಬೇಕು. ಬಾಗಲಾಗ ನಿಂದ್ರಿಸಬಾರದು” ಎಂದಳು.

ಆಕೆಗೆ ಅಭಿಮಾನ ಇದ್ದದ್ದು ಒಂದೇ ವಿಷಯದಲ್ಲಿ. ವರ್ಷಕ್ಕೊಮ್ಮೆ ಕೊಡ್ಲಿಯಿಂದ ತವರಿನ ತೊಗರಿ ಬರುತ್ತಿತ್ತು. ಅದನ್ನು ನೆನೆಹಾಕಿ, ಒಣಗಿಸಿ, ಒಡೆದು, ಕೇರಿ, ಬೇಳೆ ಮಾಡುವುದೆಲ್ಲ ಆಕೆಯದೇ ಕೈ. ಆ ಬೇಳೆಯ ಹೂರಣ, ಆ ಬೇಳೆಯ ಕಟ್ಟಿನ ಸಾರು ಉಂಡವರು ಮರೆಯುತ್ತಿರಲಿಲ್ಲ. ಬಳಗದಲ್ಲಿ ಎಲ್ಲಿಯೇ ಮದುವೆಯಾಗಲಿ, ಹೋಳಿಗೆಗೆ ಕಾಕಿಯೇ ಬೇಕು. ಚಿತ್ತಾಪುರದಿಂದ, ವಾಡಿಯಿಂದ ಕರೆಯಲು ಬರುತ್ತಿದ್ದರು. ಬಂಗಾರದ ಬಗ್ಗೆ, ಸೀರೆಯ ಬಗ್ಗೆ ಆಕೆ ಜಂಬ ಕೊಚ್ಚಿದ್ದು ನಾನು ಕೇಳಿಲ್ಲ. “ನನ್ನ ಬ್ಯಾಳ್ಯಾಗ ಒಂದು ಕಲ್ಲಿನ ಹಳ್ಳು ತೋರ್ಸು, ಬಳಿ ತಗದು ಕೊಡ್ತೀನಿ” ಎಂದು ಮಾತ್ರ ಯಾರಿಗಾದರೂ ಸವಾಲು ಹಾಕುತ್ತಿದ್ದಳು.

ಗಂಡ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ವ್ಯಾಪಾರಿ, ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೂ ಇತ್ತು. ಸಾಹುಕಾರರು ಎಂದೇ ಊರಲ್ಲಿ ಹೆಸರು. ಬೆಳ್ಳನೆಯ ಧೋತರ, ಮೆಲುದನಿ, ಹಣೆಯ ಮೇಲೆ ವಿಭೂತಿ. ಅವರು ದೇವರಂಥ ಮನುಷ್ಯ ಎಂದು ಊರೆಲ್ಲ ಹೇಳುತ್ತಿತ್ತು. ಅವರು ದನಿ ಎತ್ತಿದ್ದನ್ನು ನಾನೂ ಕೇಳಿಲ್ಲ. ಎತ್ತುವ ಅಗತ್ಯವೇ ಅವರಿಗೆ ಬೀಳುತ್ತಿರಲಿಲ್ಲ. ಹೆಂಡತಿಯ ಮಾತು ಇಷ್ಟವಾಗದಿದ್ದರೆ ಸಣ್ಣಗೆ ನಕ್ಕು ಬೇರೆ ಕಡೆ ನೋಡುತ್ತಿದ್ದರು, ಅಲ್ಲಿಗೆ ಮಾತು ಮುಗಿಯಿತು. ನನಗೆ ಬೈಯುವ ಗಂಡಸರಿಗಿಂತ ಇಂಥವರ ಮೇಲೆ ಹೆಚ್ಚು ಸಿಟ್ಟು.

ಆ ಮನೆಯ ಅಡುಗೆಮನೆ ಹಿಂಭಾಗದಲ್ಲಿತ್ತು. ಮೊದಲು ಅದಕ್ಕೊಂದು ಕಿಟಕಿ ಇತ್ತಂತೆ. ಸಾಹುಕಾರರು ಅದರ ಹಿಂದೆ ಕಲ್ಲಿಡುವ ಗೋದಾಮು ಕಟ್ಟಿಸಿದಾಗ ಕಿಟಕಿ ಗೋಡೆಗೆ ಮುಖ ಕೊಟ್ಟು ನಿಂತಿತು. ಹಗಲಲ್ಲೂ ಕತ್ತಲು. ಬಾಗಿಲ ಪಕ್ಕದ ಗೋಡೆಗೆ ಒಂದು ಬಲ್ಬು, ಹೊಗೆ ಹಿಡಿದು ಹಳದಿಯಾದದ್ದು. ಒಲೆಯ ಮುಂದೆ ಕೂತರೆ ಅದು ಬೆನ್ನ ಹಿಂದೆ ಬರುತ್ತಿತ್ತು. “ನನ್ನ ನೆಳ್ಳು ನನ್ನ ತಾಟನ್ಯಾಗ ಬೀಳ್ತದ. ಬ್ಯಾಳಿ ಆರಿಸ್ಲಿಕತ್ತೀನೋ ನೆಳ್ಳು ಆರಿಸ್ಲಿಕತ್ತೀನೋ ತಿಳಿವಲ್ದು” ಎನ್ನುತ್ತಿದ್ದಳು ಕಾಕಿ. ಐವತ್ತು ದಾಟಿತ್ತು, ಕಣ್ಣೂ ಮೊದಲಿನಂತಿರಲಿಲ್ಲ. ಒಲೆಯ ಮೇಲಕ್ಕೆ ಒಂದು ದೀಪ ಹಾಕಿಸಿ ಎಂದು ಕೇಳುತ್ತಲೇ ಇದ್ದಳು. ಸಾಹುಕಾರರು ಸಣ್ಣಗೆ ನಗುತ್ತಲೇ ಇದ್ದರು.

ಹಾಗಿರುವಾಗ ಅವರು ವ್ಯಾಪಾರಕ್ಕೆಂದು ಹೈದರಾಬಾದಿಗೆ ಹೋಗಿ ಯಾವುದೋ ದೊಡ್ಡ ಹೋಟೆಲ್ಲಿನಲ್ಲಿ ಇಳಿದುಕೊಂಡರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಲ್ಲಿ ದೀಪಗಳು ಛಾವಣಿಯೊಳಗೇ ಹುದುಗಿದ್ದವಂತೆ. ಬಲ್ಬು ತೂಗುವುದಿಲ್ಲ, ಟ್ಯೂಬು ಕಾಣುವುದಿಲ್ಲ, ಮೇಲಿನ ಹಲಗೆಯಲ್ಲಿ ದುಂಡನೆಯ ತೂತು, ಅದರೊಳಗಿಂದ ಬೆಳಕು ಸುರಿಯುತ್ತದೆ. “ದೀಪ ಕಾಣ್ಸಲ್ಲ, ಬೆಳಕಷ್ಟೇ ಕಾಣಸ್ತದ. ಹ್ಯಾಲೋಜಿನ್ ಅಂತಾರ ಅದಕ್ಕ” ಎಂದು ನನಗೂ ವಿವರಿಸಿದರು. ಅಂಥವು ನಮ್ಮ ಪಡಸಾಲೆಗೂ ಬೇಕು ಎಂದು ನಿಶ್ಚಯವಾಯಿತು. ಹಿಂದಿನಿಂದ ಬಂದ ಫರ್ಸಿಯ ಮಾಳಿಗೆ ಅದು, ಕಬ್ಬಿಣದ ತೊಲೆಗಳ ಮೇಲೆ ಚಪ್ಪಡಿ ಹಾಸಿದ್ದು. ಅದರಲ್ಲಿ ತೂತು ಕೊರೆಯಲಾಗದು. ಅದಕ್ಕೆ ಚಪ್ಪಡಿಯ ಕೆಳಗೆ ಮೊಳದಷ್ಟು ಸಂದು ಬಿಟ್ಟು ತೇಗದ ಹಲಗೆಯ ಇನ್ನೊಂದು ಛಾವಣಿ ಹೊಡೆಸಿದರು, ಕೆಳಮುಖಕ್ಕೆ ಬಿಳಿ ಬಣ್ಣ ಬಳಿಸಿದರು. ವಾಡಿಯಿಂದ ಒಬ್ಬ ವಾಯರ್‌ಮನ್ ಬಂದ. ಸಿಮೆಂಟ್ ಕಾಲೊನಿಯ ಬಂಗಲೆಗಳಲ್ಲಿ ಕೆಲಸ ಮಾಡಿದವನು, ಹೊಸ ಕೆಲಸವೆಂದು ಅವನಿಗೂ ಹುಮ್ಮಸ್ಸು.

ಹಲಗೆಗೆ ದುಂಡು ತೂತು ಕೊರೆಯುವ ಗದ್ದಲ ಗೋಡೆಯಾಚೆ ನನ್ನ ಮನೆಯವರೆಗೂ ಕೇಳುತ್ತಿತ್ತು. ಕಟ್ಟಿಗೆಯ ಹುಡಿ ಕಾಕಿಯ ಹಿಟ್ಟಿನ ಡಬ್ಬಿಯವರೆಗೂ ಹಾರಿತು. ಆ ಬಲ್ಬುಗಳು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು, ಬರಿಗೈಯಲ್ಲಿ ಮುಟ್ಟಿದರೆ ಕೆಡುತ್ತವೆ ಎಂದು ವಾಯರ್‌ಮನ್ ಅವನ್ನು ಅರಿವೆಯಲ್ಲಿ ಹಿಡಿದು ಕೂಡಿಸುತ್ತಿದ್ದ. “ಹೊಸ ಮದಿಮಗಳ ಕೈ ಹಿಡದಂಗ ಹಿಡ್ಯಾಕತ್ತಿಯಲ್ಲೋ” ಎಂದು ಕಾಕಿ ಕೆಳಗಿನಿಂದ ಅವನ ಕಾಲೆಳೆದಳು. ಎಂಟು ದೀಪ ಹತ್ತಿದ ಸಂಜೆ ಓಣಿಯ ಮಂದಿಯೆಲ್ಲ ಚಪ್ಪಲಿ ಕಳಚಿ ಒಳಗೆ ಬಂದು, ಕತ್ತು ಎತ್ತಿ, ಬಾಯಿ ಬಿಟ್ಟು ನಿಂತರು. ಪಾಲಿಶ್ ಮಾಡಿದ ನೆಲದಲ್ಲಿಯೂ ಎಂಟು ದೀಪ ಕಂಡವು. ಸಾಹುಕಾರರು ಸೋಫಾದ ಮೇಲೆ ಕೂತು ಎಲ್ಲರ ಮುಖ ನೋಡಿದರು.

ಕಾಕಿ ಮಾತ್ರ ಸ್ಟೂಲು ಹತ್ತಿ ಒಂದು ದೀಪದ ಕೆಳಗೆ ಅಂಗೈ ಒಡ್ಡಿ ನೋಡಿದಳು. “ಇದು ಭಾಳ ಸುಡ್ತದಲ್ಲೋ ತಮ್ಮ.”

“ಹೌದ್ರಿ ಕಾಕಿ, ಇದರ ಗುಣನೇ ಹಂಗ” ಎಂದ ವಾಯರ್‌ಮನ್. ಸಾಹುಕಾರರ ಕಡೆ ತಿರುಗಿ, “ಸಾವ್ಕಾರ್ರ, ಮ್ಯಾಲಿನ ಸಂದು ಖಾಲಿ ಇರಬೇಕು ನೋಡ್ರಿ. ಗಾಳಿ ಆಡಬೇಕು. ಅಲ್ಲೇನೂ ಇಡಬ್ಯಾಡ್ರಿ” ಎಂದ. ಅವರು ತಲೆಯಾಡಿಸಿದರು. ನಾನು ಅಲ್ಲೇ ನಿಂತಿದ್ದೆ, ಕಿವಿಯಾರೆ ಕೇಳಿದ್ದೇನೆ.

ಎಲ್ಲರೂ ಹೋದ ಮೇಲೆ ಕಾಕಿ ಕೇಳಿದಳು: “ಎಂಟರಾಗ ಒಂದು ನನ್ನ ಒಲಿ ಮ್ಯಾಲ ಹಾಕಸ್ರಿ. ಏಳಿದ್ರ ಪಡಸಾಲಿಗೇನು ಕತ್ತಲಾಗ್ತದೇನು?”

“ಅಡಗಿಮನಿಗಿ ಯಾರು ಬಂದು ನೋಡ್ತಾರ” ಎಂದು ಸಾಹುಕಾರರು ನಕ್ಕರು.

ಕೆಲವೇ ದಿನಕ್ಕೆ ಸೊಲ್ಲಾಪುರದ ವ್ಯಾಪಾರಿಗಳು ಊಟಕ್ಕೆ ಬಂದರು. ಹೊಸ ದೀಪದ ಕೆಳಗೆ ಬೆಳ್ಳಿಯ ತಾಟು ಹೊಳೆದವು. ಒಬ್ಬರ ಹಲ್ಲಿಗೆ ಬೇಳೆಯೊಳಗಿನ ಹರಳು ಕಡಕ್ಕೆಂದಿತು. ಊಟ ನಿಂತಿತು. ಸಾಹುಕಾರರು ಅದೇ ಮೆಲುದನಿಯಲ್ಲಿ, “ಏನ್ ಮಾಡೋದ್ರಿ, ನಮ್ಮಾಕಿ ಕೈನೇ ಹಂಗ. ಕೆಲಸದ ಮ್ಯಾಲ ಲಕ್ಷ್ಯ ಇಲ್ಲ” ಎಂದರು. ಕಾಕಿ ಬಾಗಿಲ ಹಿಂದೆ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು.

ಆ ಮಾತು ಅಲ್ಲಿಗೇ ಸಾಯಲಿಲ್ಲ. ಸಾಹುಕಾರರ ತಂಗಿ ಅವತ್ತು ಮನೆಯಲ್ಲಿದ್ದಳು, ಚಿತ್ತಾಪುರಕ್ಕೆ ಕೊಟ್ಟ ಹೆಣ್ಣು. ಅಣ್ಣನ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಬಳಗಕ್ಕೆಲ್ಲ ಹಂಚಿದಳು. ಮುಂದಿನ ಮದುವೆಗೆ ಕಾಕಿ ಎಂದಿನಂತೆ ಹೋಳಿಗೆ ಮಾಡಲು ಸೆರಗು ಸಿಕ್ಕಿಸಿಕೊಂಡು ಹೋದರೆ, ಹೆಂಗಸರು, “ನೀವು ಹಿರೇರು, ಕುಂದ್ರಿ, ನಾವು ಮಾಡ್ತೀವಿ” ಎಂದು ಚಾಪೆ ಹಾಸಿ ಕೂಡಿಸಿದರಂತೆ. ಅಷ್ಟು ಮರ್ಯಾದೆಯಿಂದ ಮಾಡಿದ ಅವಮಾನ ಅದು. ಕಾಕಿ ಊಟ ಮಾಡದೆ ಬಂದಳು.

ಬಂದವಳು ನೇರ ನನ್ನ ಮನೆಗೇ ಬಂದಳು. ಮೊದಲ ಸಲ ಆಕೆಯ ಕಣ್ಣಲ್ಲಿ ನೀರು ನೋಡಿದೆ, ಅದೂ ಸಿಟ್ಟಿನ ನೀರೇ. “ಟೀಚರ್ರ, ನನ್ನ ಕೈ ಕೆಟ್ಟಿಲ್ಲ. ನನ್ನ ಲಕ್ಷ್ಯನೂ ಎಲ್ಲೂ ಹೋಗಿಲ್ಲ. ನನಗ ಬೆಳಕಿಲ್ಲ. ಅಷ್ಟು ಒಂದು ಮಾತು ಅವರ ಬಾಯಿಲಿಂದ ಬರಲಿ. ‘ತಪ್ಪು ಆಕಿದಲ್ಲ, ನಂದು’ ಅಂತ ಅದೇ ಮಂದಿ ಮುಂದ ಅನ್ಲಿ. ಮತ್ತೇನೂ ಬ್ಯಾಡ ನನಗ.”

ಅವರು ಅನ್ನಲಿಲ್ಲ. ಆಗ ಕಾಕಿ ಮಾಡಿದ ಕೆಲಸವನ್ನು ನೆನೆಸಿಕೊಂಡರೆ ನನಗೆ ಈಗಲೂ ಕೈ ಎತ್ತಿ ಮುಗಿಯಬೇಕೆನಿಸುತ್ತದೆ. ಮರುದಿನ ಮಧ್ಯಾಹ್ನ ಸ್ಟೋವು, ಹಂಚು, ಹಿಟ್ಟಿನ ಡಬ್ಬಿ, ಹಿಟ್ಟು ನಾದುವ ಕೊಣಮಿಗೆ ಎಲ್ಲವನ್ನೂ ಒಂದೊಂದಾಗಿ ಹೊತ್ತು ತಂದು ಪಡಸಾಲೆಯ ನಡುವೆ, ಎಂಟು ದೀಪದ ಕೆಳಗೆ, ಕನ್ನಡಿಯಂಥ ನೆಲದ ಮೇಲೆ ಹೂಡಿದಳು. ಸ್ವಿಚ್ಚು ಒತ್ತಿದಳು. ಕೂತು ಬೇಳೆ ಆರಿಸಿದಳು, ಹಿಟ್ಟು ನಾದಿದಳು, ರೊಟ್ಟಿ ತಟ್ಟತೊಡಗಿದಳು. ಆ ತಟ್ಟುವ ಸಪ್ಪಳ ರಸ್ತೆಗೆ ಕೇಳಿತು, ಬಾಗಿಲು ತೆರೆದೇ ಇತ್ತು, ಹೋಗಿಬರುವವರೆಲ್ಲ ನಿಂತು ನೋಡಿದರು. ಸಾಹುಕಾರರು ಬಂದು ಹೊಸ್ತಿಲಲ್ಲಿ ಕಂಬದಂತೆ ನಿಂತರು.

“ಇದೇನು ನಾಟಕ?”

“ಬೆಳಕು ಎಲ್ಲಿ ಅದ ಅಲ್ಲಿ ಅಡಗಿ” ಎಂದಳು ಕಾಕಿ, ರೊಟ್ಟಿ ತಿರುವಿ ಹಾಕುತ್ತ.

ಒಂದು ದಿನದ ಸಿಟ್ಟಲ್ಲ ಅದು. ಚಳಿಗಾಲ ಹೋಗಿ ಬೇಸಿಗೆ ಬಂದರೂ ಪಡಸಾಲೆಯೇ ಅಡುಗೆಮನೆ. ಆ ದಿನಗಳಲ್ಲಿ ಆಕೆಯ ಬೇಳೆಯಲ್ಲಿ ಒಂದು ಹರಳೂ ಸಿಗಲಿಲ್ಲ, ನಾನೇ ಎಷ್ಟೋ ಸಲ ಅಲ್ಲಿ ಉಂಡಿದ್ದೇನೆ. ಆದರೆ ಅದನ್ನು ಬಾಯಿಬಿಟ್ಟು ಹೇಳಲು ಆ ಮನೆಯಲ್ಲಿ ಯಾರೂ ಇರಲಿಲ್ಲ. ಸಾಹುಕಾರರು ಅತಿಥಿಗಳನ್ನು ಕರೆತರುವುದು ಬಿಟ್ಟರೇ ಹೊರತು ಒಲೆಯ ಮೇಲೆ ಒಂದು ದೀಪ ಹಾಕಿಸಲಿಲ್ಲ. ಊರ ಹೆಂಗಸರು ಕಾಕಿಗೆ ದಿಮಾಕು ಎಂದರು. ಗಂಡಸರು ಸಾಹುಕಾರರನ್ನು ನೋಡಿ ಅಯ್ಯೋ ಪಾಪ ಎಂದರು. ಯಾರಿಗೆ ಪಾಪ ಎನ್ನಬೇಕು ಎಂಬುದರಲ್ಲಿ ನಮ್ಮ ಊರು ಎಂದೂ ಎಡವುವುದಿಲ್ಲ, ಯಾವಾಗಲೂ ಸೋಫಾದ ಮೇಲೆ ಕೂತವರ ಕಡೆಗೇ ಹೋಗುತ್ತದೆ.

ನಮ್ಮ ಕಡೆಯ ಬೇಸಿಗೆಯನ್ನು ನಾನು ಬೇರೆಯವರಿಗೆ ಹೇಳಿ ಒಪ್ಪಿಸಲಾರೆ. ಫರ್ಸಿಯ ಮಾಳಿಗೆ ಹಗಲೆಲ್ಲ ಕಾದು ಸಂಜೆ ಅದೇ ಕಾವನ್ನು ಕೆಳಗೆ ಬಿಡುತ್ತದೆ. ಅದಕ್ಕೆ ಹಿಂದಿನಿಂದಲೂ ನಮ್ಮಲ್ಲೊಂದು ಉಪಾಯ ಇದೆ: ಮಾಳಿಗೆಯ ಮೇಲೆ ತೊಗರಿಯ ಹೊಟ್ಟು ಹರವಿ ನೀರು ಚಿಮುಕಿಸುವುದು. ತೊಗರಿ ಬೆಳೆಯುವ ಸೀಮೆ, ಹೊಟ್ಟಿಗೇನು ಬರ. ಈಗ ಮಾಳಿಗೆಯ ಕಾವಿನ ಜೊತೆಗೆ ಎಂಟು ದೀಪದ ಕಾವೂ ಸೇರಿ ಪಡಸಾಲೆ ಬೇಯತೊಡಗಿತ್ತು. ಸಾಹುಕಾರರು ಬುದ್ಧಿ ಓಡಿಸಿದರು. ಮಾಳಿಗೆಯ ಮೇಲೆ ಹರವಿದ ಹೊಟ್ಟು ಗಾಳಿಗೆ ಹಾರುತ್ತದೆ, ಅದರ ಬದಲು ಚಪ್ಪಡಿಗೂ ಹಲಗೆಗೂ ನಡುವಿನ ಆ ಖಾಲಿ ಸಂದಿನಲ್ಲೇ ತುಂಬಿಬಿಟ್ಟರೆ ತಂಪು ಅಲ್ಲೇ ನಿಲ್ಲುತ್ತದೆ ಎಂದುಕೊಂಡರು. ಕಾರ್ಖಾನೆಯ ಆಳುಗಳನ್ನು ಕರೆಸಿ, ಮೂಲೆಯ ಹಲಗೆ ಬಿಚ್ಚಿಸಿ, ಒಣ ಹೊಟ್ಟನ್ನು ಗೋಣಿಚೀಲಗಳಲ್ಲಿ ತುಂಬಿ ಒಳಗೆ ತಳ್ಳಿಸಿದರು. ವಾಯರ್‌ಮನ್ ಹೇಳಿದ್ದನ್ನು ಕಾಕಿ ನೆನಪು ಮಾಡಿದಳು. ಅವರು ನಕ್ಕರು.

ಬೆಂಕಿ ಬಿದ್ದ ಸಂಜೆ ನಾನು ಅಲ್ಲೇ ಇದ್ದೆ. ಶಾಲೆಗೆ ರಜೆ, ಕಾಕಿಯ ಎದುರು ಕೂತು ಬೇಳೆಗೆ ಕೈ ಹಾಕಿದ್ದೆ. ಸ್ಟೋವು ಇನ್ನೂ ಹಚ್ಚಿರಲಿಲ್ಲ, ಸೀಮೆಎಣ್ಣೆ ತುಂಬಿಸಬೇಕೆಂದು ಮಗ್ಗುಲಿಗಿಟ್ಟಿದ್ದಳು. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ, ಹಚ್ಚಿರಲಿಲ್ಲ. ಮೊದಲು ವಾಸನೆ ಬಂತು, ಕಣದಲ್ಲಿ ಹೊಟ್ಟು ಸುಟ್ಟಾಗ ಬರುತ್ತದಲ್ಲ ಅದು. ಕಾಕಿ ಮೂಗು ಅರಳಿಸಿ ಮೇಲೆ ನೋಡಿದಳು. ದೀಪದ ಸುತ್ತಲಿನ ಬಳೆಯಿಂದ ಸಣ್ಣಗೆ ಹೊಗೆ ಇಳಿಯುತ್ತಿತ್ತು. “ಏಳ್ರಿ, ಏಳ್ರಿ, ಜಲ್ದಿ” ಎಂದು ನನ್ನ ರಟ್ಟೆ ಹಿಡಿದು ಹೊಸ್ತಿಲಾಚೆ ನೂಕಿ, ತಾನು ಹಿಂದಕ್ಕೆ ಓಡಿ ಮೇನ್ ಸ್ವಿಚ್ಚು ತೆಗೆದಳು. ಆಕೆ ತಿರುಗಿ ಪಡಸಾಲೆ ದಾಟುವಾಗ ಹಲಗೆಯೊಂದು ಉರಿಯುವ ಹೊಟ್ಟಿನ ಸಮೇತ ಕೆಳಗೆ ಬಿತ್ತು. ಎಡಗೈ ಮೊಣಕೈಯವರೆಗೆ ಸುಟ್ಟಿತು. ಓಣಿಯವರು ಅಂಗಳದ ತೊಟ್ಟಿಯ ನೀರು ಹೊತ್ತು ಹಾಕಿ ಆರಿಸಿದರು. ಸೋಫಾ ಹೋಯಿತು, ಅರ್ಧ ಛಾವಣಿ ಹೋಯಿತು. ಜೀವ ಯಾರದೂ ಹೋಗಲಿಲ್ಲ.

ಸಾಹುಕಾರರು ಕಾರ್ಖಾನೆಯಿಂದ ಓಡಿಬಂದರು. ಅಂಗಳದಲ್ಲಿ ಊರೇ ನೆರೆದಿತ್ತು. ಕಾಕಿ ಕಟ್ಟೆಯ ಮೇಲೆ ಕೂತಿದ್ದಳು, ನಾನು ಆಕೆಯ ಕೈಮೇಲೆ ನೀರು ಸುರಿಯುತ್ತಿದ್ದೆ. ಅವರು ಕೈ ನೋಡಿದರು, ಮನೆ ನೋಡಿದರು, ಮಂದಿಯನ್ನು ನೋಡಿದರು. ಆಮೇಲೆ ನಿಧಾನವಾಗಿ, “ಪಡಸಾಲ್ಯಾಗ ಒಲಿ ಹೂಡಿದ್ರ ಮತ್ತೇನಾಗ್ತದ” ಎಂದರು.

ಅಷ್ಟೇ. ಅದೇ ಊರಿನ ಮಾತಾಯಿತು. ನಾನು ಅಲ್ಲೇ ಎದ್ದು ನಿಂತು, ಒಲೆ ಹಚ್ಚಿರಲಿಲ್ಲ, ಬೆಂಕಿ ಮೇಲಿನಿಂದ ಬಂತು, ಹೊಟ್ಟು ತುಂಬಿಸಿದವರು ನೀವು ಎಂದೆ. “ಟೀಚರ್ರ, ನೀವು ನಿಮ್ಮ ಶಾಲಿ ನೋಡ್ಕೋರಿ” ಎಂದರು. ಮರುದಿನ ವಾಯರ್‌ಮನ್ ಬಂದು ತಲೆ ಎತ್ತಿ ನೋಡಿ, “ಸಾವ್ಕಾರ್ರ, ಈ ಹೊಟ್ಟು ಯಾರು ತುಂಬಿದ್ರು” ಎಂದು ಕೇಳಿದ. ಮುಂದೆ ಆ ಮನೆಯಲ್ಲಿ ಅವನಿಗೆ ಕೆಲಸ ಸಿಗಲಿಲ್ಲ. ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಕೇಳಿದವರು ತಲೆದೂಗಿ, ಗೆಳತಿಯಲ್ಲವೇ, ಹೇಳುತ್ತಾಳೆ ಎಂದು ಹೋದರು. ಮೊದಲು ಬೇಳೆಯಲ್ಲಿ ಹರಳು ಹಾಕಿದವಳು, ಈಗ ಮನೆಗೆ ಬೆಂಕಿ ಹಾಕಿದವಳು. ಮನೆ ಸುಟ್ಟ ಕೈ ಎಂದು ಚಿತ್ತಾಪುರದಲ್ಲಿ ಹೊಸ ಹೆಸರೂ ಬಿತ್ತು. ಆ ಹೆಸರಿಟ್ಟ ನಾಲಿಗೆಗಳ ಮೇಲೆ ನನಗೆ ಇವತ್ತಿಗೂ ಕೆಂಡದಂಥ ಸಿಟ್ಟಿದೆ.

ಬೂದಿ ಬಾಚುವಾಗ ಕಾಕಿ ಒಂದು ಹಲಗೆ ಎತ್ತಿಟ್ಟುಕೊಂಡಳು. ನನ್ನನ್ನು ಕರೆದು ತೋರಿಸಿದಳು. ಕೆಳಮುಖ ಬೆಳ್ಳಗಿತ್ತು, ಬಳಿದ ಬಣ್ಣ ಹಾಗೇ ಇತ್ತು. ಮೇಲ್ಮುಖ ಕರಕಲಾಗಿ ಇದ್ದಿಲು ಕಟ್ಟಿತ್ತು. ಒಲೆಯ ಬೆಂಕಿ ಆಗಿದ್ದರೆ ಕೆಳಗಿನಿಂದ ಸುಡಬೇಕಿತ್ತು, ಇದು ಮೇಲಿನಿಂದ ಸುಟ್ಟಿದೆ. ಸಾಹುಕಾರರಿಗೂ ತೋರಿಸಿದಳಂತೆ. ಅವರು ಒಂದು ಕ್ಷಣ ನೋಡಿ ಬೇರೆ ಕಡೆ ತಿರುಗಿದರಂತೆ. ಅವತ್ತು ನಗಲಿಲ್ಲವಂತೆ.

ಸುಟ್ಟ ಕೈಗೆ ಕಟ್ಟಿದ ಅರಿವೆ ಬಿಚ್ಚುವ ಮೊದಲೇ ಕಾಕಿ ಬಡಿಗನನ್ನು ಕರೆಸಿದಳು. ಹಲಗೆಯನ್ನು ಅಳತೆಗೆ ಕೊಯ್ಯಿಸಿ, ಬಿಳಿ ಬದಿಗೆ ಎರಡು ಪಟ್ಟಿ ಹೊಡೆಸಿ, ಕಪ್ಪು ಬದಿ ಮೇಲೆ ಬರುವಂತೆ ಒಂದು ಮಣೆ ಮಾಡಿಸಿದಳು. ಬಡಿಗ ಕರಕಲನ್ನು ಉಜ್ಜಿ ತೆಗೆಯಲು ಹೋದರೆ ಕೈ ಹಿಡಿದು ನಿಲ್ಲಿಸಿದಳಂತೆ. ಸಾಹುಕಾರರು ಮಂದಿ ಇಲ್ಲದಾಗ ಹಿಂದಿನ ರೂಢಿಯಂತೆ ನಡುಮನೆಯಲ್ಲಿ ಮಣೆಯ ಮೇಲೆ ಕೂತೇ ಊಟ ಮಾಡುವವರು. ಅವತ್ತು ಕಾಕಿ ಅವರಿಗೆ ಆ ಮಣೆ ಹಾಕಿದಳು, ಮುಂದೆ ತಾಟು ಇಟ್ಟಳು.

ಅವರು ಮೊದಲ ದಿನ ಅದರ ಮೇಲೊಂದು ಗೋಣಿತಟ್ಟು ಹಾಸಿಕೊಂಡರು. ಕಾಕಿ ತಟ್ಟು ಎಳೆದುಹಾಕಿ, ಬಡಿಸದೆ ನಿಂತಳು. ಇದೇನು ಎಂದು ಅವರು ಕೇಳಬಹುದಿತ್ತು. ಕೇಳಿದರೆ ಆಕೆ ಹೇಳುತ್ತಿದ್ದಳು, ಅದು ಅವರಿಗೆ ಗೊತ್ತಿತ್ತು. ಮಣೆ ಬಿಟ್ಟು ನೆಲಕ್ಕೆ ಕೂತರೂ, ಹೋಟೆಲ್ಲಿಗೆ ಹೋಗಿ ಉಂಡರೂ ಮಂದಿ ಕಾರಣ ಕೇಳುತ್ತಾರೆ. ಕೂತರು. ಎದ್ದಾಗ ಬೆಳ್ಳನೆಯ ಧೋತರದ ಹಿಂದೆ ಕಪ್ಪು ಹತ್ತಿತ್ತು. ಅಂದಿನಿಂದ ದಿನವೂ ಹಾಗೇ. ಅಗಸರವನು ಧೋತರ ಹಿಡಿದುಕೊಂಡು, “ಸಾವ್ಕಾರ್ರು ಎಲ್ಲಿ ಕುಂದರ್ತಾರ್ರಿ ಅಮ್ಮ” ಎಂದು ಕೇಳಿದಾಗ ಕಾಕಿ, “ಅವರನ್ನೇ ಕೇಳು” ಎಂದಳು. ಅವನು ಕೇಳಲಿಲ್ಲ.

ಇಲ್ಲಿ ಒಂದು ಮಾತು ಹೇಳದಿದ್ದರೆ ಸುಳ್ಳಾಗುತ್ತದೆ. ನನಗೆ ಕಾಕಿಯ ಮೇಲೂ ಸಿಟ್ಟಿದೆ. ಅಷ್ಟು ಕಿಚ್ಚಿದ್ದವಳು ಎರಡು ಹೊತ್ತು ಬೇಯಿಸಿ ಅದೇ ಮನುಷ್ಯನಿಗೆ ಯಾಕೆ ಬಡಿಸಬೇಕಿತ್ತು. ಕೊಡ್ಲಿಗೆ ಹೋಗಬಹುದಿತ್ತು, ಅಣ್ಣತಮ್ಮಂದಿರು ಕರೆದಿದ್ದರು. ಕೇಳಿದ್ದಕ್ಕೆ, “ನಾ ಹ್ವಾದ್ರ ಸುಟ್ಟಾಕಿ ಓಡಿ ಹ್ವಾದಳು ಅಂತಾರ. ನಾ ಇಲ್ಲೇ ಇರಬೇಕು, ಅವರು ದಿನಾ ನನ್ನ ಮಾರಿ ನೋಡಬೇಕು” ಎಂದಳು. ಅದು ಸರಿಯೋ ತಪ್ಪೋ ನನಗೆ ಈಗಲೂ ತೀರ್ಮಾನವಾಗಿಲ್ಲ. ಪಡಸಾಲೆಯ ಹಲಗೆಗಳನ್ನೆಲ್ಲ ಕೀಳಿಸಿ ಗೋಡೆಗೆ ಟ್ಯೂಬ್‌ಲೈಟು ಹಾಕಿಸಿದ್ದರು. ಅಲ್ಲಿ ಮತ್ತೆ ಅಡುಗೆ ಮಾಡಲು ಯಾರೂ ಬಿಡುವಂತಿರಲಿಲ್ಲ. ಕಾಕಿ ಪುನಃ ತನ್ನ ನೆರಳಿನಲ್ಲೇ ಬೇಳೆ ಆರಿಸುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಒಂದು ದಿನ ಗೋಡೆಯಾಚೆ ಸುತ್ತಿಗೆಯ ಸಪ್ಪಳ ಕೇಳಿ ಹೋದೆ. ಯಾರೋ ಹೊಸ ವಾಯರ್‌ಮನ್ ಅಡುಗೆಮನೆಯಲ್ಲಿ ಏಣಿ ಹಾಕಿದ್ದ. ಒಲೆಯ ನೇರ ಮೇಲೆ ಒಂದು ಉದ್ದನೆಯ ಟ್ಯೂಬ್‌ಲೈಟು ಕೂತಿತು. ಸ್ವಿಚ್ಚು ಹಾಕಿದಾಗ ಆ ಕೋಣೆಯ ಮೂಲೆಗಳನ್ನು ನಾನು ಮೊದಲ ಸಲ ಕಂಡೆ. ಗೋಡೆಯ ಮಸಿ, ಕಿಟಕಿಗೆ ಅಡ್ಡ ನಿಂತ ಗೋದಾಮಿನ ಗೋಡೆ, ಕಾಕಿಯ ತೋಳಿನ ಮೇಲಿನ ಗಾಯದ ಕಲೆ, ಎಲ್ಲ ಸ್ಪಷ್ಟವಾಗಿ ಕಂಡವು. ಸಾಹುಕಾರರು ಬಾಗಿಲಲ್ಲಿ ನಿಂತು ದೀಪದತ್ತ ಕಣ್ಣು ಹಾಯಿಸಿ ಹೊರಟುಹೋದರು.

ನನಗೆ ಸಂತೋಷವಾಯಿತು. ಒಂದು ದೀಪಕ್ಕಾಗಿ ಇಷ್ಟು ವರ್ಷ, ಇಷ್ಟು ಬೆಂಕಿ. “ಅಂತೂ ಬಂತಲ್ರಿ ಕಾಕಿ. ಇನ್ನರೆ ಆ ಮಣಿ ಎತ್ತಿಡ್ರಿ” ಎಂದೆ.

ಕಾಕಿ ಆರಿಸುತ್ತಿದ್ದ ತಾಟನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದು ಹರಳು ಸಿಕ್ಕಿತು, ತೆಗೆದು ಆಚೆ ಎಸೆದಳು.

“ದೀಪ ಹಾಕಿಸ್ಯಾರ. ‘ತಪ್ಪು ನಂದು’ ಅನ್ನೋ ಆ ಮಾತು ಇನ್ನೂ ಅಂದಿಲ್ಲ.”

“ಅವರು ಅನ್ನಂಗಿಲ್ಲ ಕಾಕಿ.”

“ಅನ್ನದಿದ್ರ ಬ್ಯಾಡ. ನಾ ಹಾಕೋದು ಬಿಡಂಗಿಲ್ಲ.”

ಕುಕ್ಕರು ಇಳಿಸಿದಳು. ಕೈ ಒರೆಸಿಕೊಂಡು ಎದ್ದು, ನಡುಮನೆಗೆ ಹೋಗಿ ಮಣೆ ಹಾಕಿದಳು, ಕಪ್ಪು ಬದಿ ಮೇಲೆ. ತಾಟು ಇಟ್ಟಳು, ತಂಬಿಗೆಯಲ್ಲಿ ನೀರು ಇಟ್ಟಳು. ಆಮೇಲೆ ಪಡಸಾಲೆಯ ಕಡೆ ಮುಖ ಮಾಡಿ, ದನಿಯಲ್ಲಿ ಒಂದಿಷ್ಟೂ ಏರಿಳಿತವಿಲ್ಲದೆ, “ಬರ್ರಿ, ಊಟಕ್ಕ ಕುಂದ್ರಿ” ಎಂದು ಕರೆದಳು.

ಸಾಹುಕಾರರು ಮಡಿ ಧೋತರ ಉಟ್ಟುಕೊಂಡು ಬಂದರು. ನನ್ನನ್ನು ನೋಡಿದರು, ಮಣೆ ನೋಡಿದರು, ಕೂತರು.